ಎರಡು ಡಿಗ್ರಿಯ ಅನುಮಾನ

ನಮ್ಮ ಬೀದಿಯ ಹೈಸ್ಕೂಲಿನ ವಿಜ್ಞಾನದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಪತ್ತೇದಾರಿ. ನಾನು ಶಾಲೆಗಳಿಗೆ ಲ್ಯಾಬ್ ಸಾಮಾನು ಮಾರುವವನು. ಬೇರೆ ಗಿರಾಕಿಗಳು ಬಂದರೆ ಬೆಲೆ ಕೇಳುತ್ತಾರೆ. ಈಕೆ ಬಂದರೆ ಆಯಸ್ಕಾಂತವನ್ನು ಎತ್ತಿ ಹಿಡಿದು, "ಇದು ಕಬ್ಬಿಣ ಎಳೆಯುತ್ತೋ, ಇಲ್ಲ ನಿಮ್ಮ ಹಾಗೆ ಗಿರಾಕೀನ ಮಾತ್ರ ಎಳೆಯುತ್ತೋ?" ಎನ್ನುತ್ತಿದ್ದರು. ಮಸೂರದಲ್ಲಿ ಗೀರು ಕಾಣದಿದ್ದರೆ ಯಾಕೆ ಕಾಣಲಿಲ್ಲ ಎಂದು ಇನ್ನೊಮ್ಮೆ ನೋಡುವ ಪೈಕಿ.

ಆಕೆಯ ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಅಳತೆ ನೋಡಿದ ತಕ್ಷಣ ಶಾಯಿಯಲ್ಲಿ ಬರೆಯಬೇಕು. ತಪ್ಪಾದರೆ ಒಂದೇ ಗೆರೆಯ ಕಾಟು ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ನಕಲು ಮಾಡಿದ ಚೊಕ್ಕ ಪುಸ್ತಕ ಕಂಡರೆ ಆಕೆಗೆ ಆಗದು. ನನ್ನ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಜ್ವಾಲಾಮುಖಿಯನ್ನು ಯಾವನೋ ಹುಡುಗ ತನ್ನದೆಂದು ತಂದಿಟ್ಟಾಗ, ಬುಡಕ್ಕೆ ಅಂಟಿಸಿದ್ದ ಬೆಲೆಚೀಟಿಯನ್ನು ಇಡೀ ತರಗತಿಗೆ ಓದಿ ಹೇಳಿದ್ದರು. ಹೀಗಾಗಿ ಇಪ್ಪತ್ತೆರಡು ವರ್ಷದಲ್ಲಿ ಆಕೆಯ ವಿದ್ಯಾರ್ಥಿಗಳು ಯಾವ ಸ್ಪರ್ಧೆಯಲ್ಲೂ ಊರಿನ ಗಡಿ ದಾಟಿರಲಿಲ್ಲ.

ಆ ವರ್ಷ ದರ್ಜಿಯ ಮಗಳು ದಾಟಿದಳು. ಒಂಬತ್ತನೆಯ ತರಗತಿ. ಅಪ್ಪನ ಹೊಲಿಗೆ ಯಂತ್ರದ ಕೆಳಗೆ ಬಿದ್ದ ಬಟ್ಟೆ ಚೂರುಗಳನ್ನು ಡಬ್ಬದ ಸುತ್ತ ತುಂಬಿ, ಯಾವ ಬಟ್ಟೆ ಐಸನ್ನು ಹೆಚ್ಚು ಹೊತ್ತು ಕರಗದಂತೆ ಕಾಯುತ್ತದೆ ಎಂದು ಅಳೆದಿದ್ದಳು. ರಾಷ್ಟ್ರಮಟ್ಟದ ವಿಜ್ಞಾನ ಸ್ಪರ್ಧೆಗೆ ಆಯ್ಕೆಯಾಯಿತು. ಅರ್ಜಿಯಲ್ಲಿ ಉಳಿದದ್ದು ಟೀಚರ ಸಹಿ ಒಂದೇ: 'ಇದು ವಿದ್ಯಾರ್ಥಿಯ ಸ್ವಂತ ಕೆಲಸ.' ಸಹಿಯಿಲ್ಲದೆ ಹೋದರೆ ಹುಡುಗಿ ಹೊರಗೆ. ಮಾರನೆಯ ದಿನವೇ ಗಡುವು.

ಮಧ್ಯಾಹ್ನ ಟೀಚರು ಹುಡುಗಿಯನ್ನು ಕರೆದುಕೊಂಡು ಅಂಗಡಿಗೆ ಬಂದರು. ನಮಸ್ಕಾರವಿಲ್ಲ, ಏನಿಲ್ಲ.

"ಅಂಗಡಿಯವರೇ, ಇವಳು ನಿಮ್ಮ ಹತ್ರ ಥರ್ಮಾಮೀಟರ್ ತಗೊಂಡಿದ್ದು ನಿಜವಾ?"

"ನಿಜ. ಅಪ್ಪನ ಜೊತೆ ಬಂದಿದ್ದಳು."

"ತಗೊಂಡದ್ದು ನಿಜ. ಉಪಯೋಗಿಸಿದ್ದು?" ಎನ್ನುತ್ತ ಆಕೆ ಪುಸ್ತಕ ಬಿಚ್ಚಿ ನನ್ನ ಮುಂದಿಟ್ಟರು. ಮುತ್ತು ಪೋಣಿಸಿದಂಥ ಅಕ್ಷರ. ಒಂದೂ ಕಾಟಿಲ್ಲ.

"ಅದು ನಕಲು ಪ್ರತಿ ಟೀಚರ್," ಎಂದಳು ಹುಡುಗಿ. "ದೊಡ್ಡವರು ನೋಡ್ತಾರೆ, ಚೊಕ್ಕಟವಾಗಿ ಬರಿ ಅಂತ ಅಪ್ಪ ಹೇಳಿದ್ರು."

"ಮೊದಲಿನ ಪುಸ್ತಕ?"

"ಅಪ್ಪ ಅದರ ಹಾಳೆ ಕತ್ತರಿಸಿ ಕಾಲರಿನ ಅಳತೆಗೆ ಮಾದರಿ ಮಾಡ್ಕೊಂಡ್ರು."

"ಎಷ್ಟು ಅನುಕೂಲದ ಅಪ್ಪ," ಎಂದರು ಟೀಚರು. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲಿ ನೋಡಿ. ಕರಗ್ತಾ ಇರೋ ಐಸು ಎರಡು ಡಿಗ್ರಿಯಂತೆ. ಒಂಬತ್ತು ಸಲ ಅಳೆದಿದಾಳೆ, ಒಂಬತ್ತು ಸಲವೂ ಎರಡೇ. ಸೊನ್ನೆ ಇರಬೇಕಾದ ಜಾಗ ಇದು. ಮನೇಲಿ ಕೂತು ಕಟ್ಟಿದ ಕತೆ," ಎಂದರು.

ಹುಡುಗಿ ಅಳಲಿಲ್ಲ. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು.

ಆ ಸಲ ತರಿಸಿದ್ದ ಥರ್ಮಾಮೀಟರುಗಳ ಮೇಲೆ ನನಗೂ ಒಳಗೊಳಗೇ ಗುಮಾನಿಯಿತ್ತು; ತಪ್ಪು ತೋರಿಸುತ್ತದೆ ಎಂದು ಇಬ್ಬರು ವಾಪಸು ತಂದಿದ್ದರು, ನಾನು ಬದಲಾಯಿಸಿಕೊಟ್ಟು ಸುಮ್ಮನಿದ್ದೆ. ಈಗಲೂ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸುಳ್ಳು ಬರೆಯುವವರನ್ನು ನಾನೂ ಸಾಕಷ್ಟು ಕಂಡವನು. ಅವರು ಎಡವುವುದು ಹೀಗಲ್ಲ.

"ಟೀಚರ್, ಕತೆ ಕಟ್ಟೋಳಾಗಿದ್ರೆ ಸೊನ್ನೆ ಅಂತ ಬರೀತಿರಲಿಲ್ವಾ? ಪಾಠದಲ್ಲೇ ಇದೆಯಲ್ಲ."

ಟೀಚರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿಮಗೇನೋ ಗೊತ್ತಿದೆ."

"ಐಸು ತರಿಸ್ತೀನಿ," ಎಂದೆ.

ಎದುರಿನ ತಂಪು ಪಾನೀಯದ ಅಂಗಡಿಯಿಂದ ಒಂದು ಲೋಟ ಐಸು ಬಂತು. ಸ್ವಲ್ಪ ನೀರು ಬೆರೆಸಿ ಹುಡುಗಿಯ ಚೀಲದಲ್ಲಿದ್ದ ಥರ್ಮಾಮೀಟರನ್ನೂ ಟೀಚರು ಶಾಲೆಯಿಂದ ತರಿಸಿದ ಹಳೆಯದನ್ನೂ ಒಟ್ಟಿಗೆ ಇಳಿಸಿದೆವು. ಹಳೆಯದು ಸೊನ್ನೆಗೆ ಬಂದು ನಿಂತಿತು. ನನ್ನ ಮಾಲು ಎರಡರಲ್ಲೇ ಕೂತಿತು. ಗಾಜಿನೊಳಗಿನ ಅಂಕಿಪಟ್ಟಿ ಒಂದಿಷ್ಟು ಜಾರಿತ್ತು.

ಟೀಚರು ಲೋಟ ಕದಡಿ ಮತ್ತೆ ನೋಡಿದರು. ಥರ್ಮಾಮೀಟರುಗಳ ಜಾಗ ಅದಲುಬದಲು ಮಾಡಿ ಮೂರನೆಯ ಸಲ ನೋಡಿದರು. ಆಮೇಲೆ ಅರ್ಜಿಯನ್ನು ನನ್ನ ಮೇಜಿನ ಮೇಲೇ ಇಟ್ಟು ಸಹಿ ಹಾಕಿ, ಕೆಳಗೆ ಒಂದು ಸಾಲು ಸೇರಿಸಿದರು: 'ಉಪಕರಣ ಎರಡು ಡಿಗ್ರಿ ಹೆಚ್ಚು ತೋರಿಸುತ್ತದೆ, ವಿದ್ಯಾರ್ಥಿನಿ ಕಂಡದ್ದನ್ನೇ ಬರೆದಿದ್ದಾಳೆ.' ನನ್ನ ಅಂಗಡಿಯ ಹೆಸರು ಬರೆಯಲಿಲ್ಲ. ಬರೆಯುತ್ತಾರೇನೋ ಎಂದು ನಾನು ಪೆನ್ನಿನ ತುದಿಯನ್ನೇ ನೋಡುತ್ತಿದ್ದೆ.

"ಟೀಚರ್," ಎಂದಳು ಹುಡುಗಿ, "ನಿಮಗೆ ನಂಬಿಕೆ ಬಂದದ್ದು ನನ್ನ ಮೇಲಲ್ಲ, ಐಸಿನ ಮೇಲೆ."

"ಹೌದಮ್ಮಾ," ಎಂದರು ಆಕೆ. "ನಿನ್ನನ್ನ ಮೊದಲೇ ಕೇಳಬೇಕಿತ್ತು, ಎರಡು ಯಾಕೆ ಬಂತು ಅಂತ. ಕೇಳಲಿಲ್ಲ. ಅದು ನನ್ನ ತಪ್ಪು."

ಇಪ್ಪತ್ತೆರಡು ವರ್ಷದಲ್ಲಿ ಆಕೆಯ ಬಾಯಿಂದ ಆ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಇನ್ನೊಂದು ಥರ್ಮಾಮೀಟರನ್ನು ಹುಡುಗಿಯ ಕೈಗಿಟ್ಟೆ. ಅವಳು ಅದನ್ನು ಮೊದಲು ಐಸಿನಲ್ಲಿ ಅದ್ದಿ ನೋಡಿ, ಆಮೇಲೇ ಚೀಲಕ್ಕೆ ಹಾಕಿಕೊಂಡಳು.

ಮುಂದಿನ ತಿಂಗಳು ಸ್ಪರ್ಧೆ ಮುಗಿಸಿ ಬಂದ ಟೀಚರು ನೇರ ಅಂಗಡಿಗೇ ಬಂದರು. ದೇಶಕ್ಕೇ ಎರಡನೆಯ ಸ್ಥಾನ. ಎರಡು ಡಿಗ್ರಿ ಕಳೆದು ಎಲ್ಲ ಲೆಕ್ಕವನ್ನೂ ಹುಡುಗಿ ಅಲ್ಲೇ ನಿಂತು ಹೇಳಿದಳಂತೆ. ನಾನು ಅಭಿನಂದನೆ ಹೇಳಿದೆ. ಟೀಚರು ಸಂತೋಷಪಟ್ಟಂತೆಯೇ ಕಂಡರು. ಮೆಟ್ಟಿಲು ಇಳಿದವರು ಮತ್ತೆ ತಿರುಗಿ ಬಂದು ದನಿ ತಗ್ಗಿಸಿದರು.

"ಮೊದಲನೇ ಸ್ಥಾನ ಬಂದ ಹುಡುಗನ ಪುಸ್ತಕ ನೋಡಿದೆ ಅಂಗಡಿಯವರೇ. ಒಂದೂ ಕಾಟಿಲ್ಲ."