ರಾಶಿ ಮುಗಿಯುವ ತನಕ

ನನ್ನ ತಮ್ಮ ತಂದ ಹೊಸ ರಾಜಿಪತ್ರಕ್ಕೆ ಅವ್ವನ ಆಧಾರ್ ಕಾರ್ಡು ಬೇಕಿತ್ತು. ಅದನ್ನು ಹುಡುಕುತ್ತ ಅವ್ವನ ಟ್ರಂಕು ತೆಗೆದರೆ ಸೀರೆಯ ಮಡಿಕೆಯಲ್ಲಿ ಕಾರ್ಡಿನ ಜೊತೆ ಒಂದು ಹಳೆಯ ಹಾಳೆಯೂ ಸಿಕ್ಕಿತು. ಕಾರ್ಬನ್ ಇಟ್ಟು ಬರೆದ ಪ್ರತಿ. ನೀಲಿ ಅಕ್ಷರ ಮಾಸಿದ್ದರೂ ಮೂಸಿದರೆ ಇನ್ನೂ ಕಾರ್ಬನ್ನಿನ ಎಣ್ಣೆವಾಸನೆ... ಹುಮನಾಬಾದಿನ ಕಚೇರಿ ಎದುರಿನ ಬೇವಿನ ಮರ ನೆನಪಾಯಿತು, ಅದರ ಕೆಳಗೆ ಕೂತು ಅರ್ಜಿ ಬರೆಯುತ್ತಿದ್ದ ಚಾಚಾ ನೆನಪಾದರು.

ತೊಂಬತ್ತರ ದಶಕದ ಮಾತು. ಜಗಳವಾಡಿದವರು ಬಂದು ರಾಜಿ ಬರೆದುಕೊಡಿ ಎಂದರೆ ಚಾಚಾ ತಕ್ಷಣ ಪೆನ್ನು ಮುಟ್ಟುತ್ತಿರಲಿಲ್ಲ. ಎಲ್ಲಿಯ ತನಕ ಎಂದು ಮೊದಲು ಕೇಳುತ್ತಿದ್ದರು. ಒಂದು ದಿನ ಗೊತ್ತುಮಾಡಿ ಅಲ್ಲಿಯವರೆಗೆ ಕೈ ತಡೆದುಕೊಳ್ಳುವುದು ಮುದ್ದತ್ತು, ಜಗಳವನ್ನೇ ಮುಗಿಸುವುದು ಸುಲಾ. ಪೇಪರಿನವರು ಬರೆಯುವ ಕದನವಿರಾಮವೂ ಬರೀ ಮುದ್ದತ್ತು, ಅದಕ್ಕೆ ಪೇಢೆ ಹಂಚಬಾರದು ಎನ್ನುತ್ತಿದ್ದರು. ಮುದ್ದತ್ತನ್ನು ಯಾರು ಕೇಳಿದರೂ ಬರೆದುಕೊಡುತ್ತಿದ್ದರು. ಸುಲಾನಾಮೆಗೆ ಮಾತ್ರ ಎರಡೂ ಮನೆಯ ಹೆಂಗಸರು ಬಂದು ಎದುರು ಕೂತು, ಬರೆದದ್ದನ್ನು ಕೇಳಿ ಹೌದು ಅನ್ನಬೇಕಿತ್ತು. ಪಕ್ಕದಲ್ಲಿ ಕೂತು ಬರೆಯುವವರು ಇದಕ್ಕೆ ನಗುತ್ತಿದ್ದರು.

ಅಪ್ಪನಿಗೂ ದೊಡ್ಡಪ್ಪನಿಗೂ ಬಾವಿಯ ಜಗಳ. ದುಬಲಗುಂಡಿಯ ನಮ್ಮ ಹೊಲ ಪಾಲಾದಾಗ ಬಾವಿ ದೊಡ್ಡಪ್ಪನ ಕಡೆಗೆ ಹೋಯಿತು, ನೀರು ಇಬ್ಬರಿಗೂ ಎಂದು ಮಾತಾಗಿತ್ತು. ಮಾತು ಮುರಿದು ಬಡಿಗೆ ಎದ್ದವು. ಅಷ್ಟರಲ್ಲಿ ಜೋಳ ಕೊಯ್ಲಿಗೆ ಬಂತು, ಒಬ್ಬರ ಎತ್ತು ಇನ್ನೊಬ್ಬರಿಗೆ ಬೇಕಾದವು. ಇಬ್ಬರೂ ಒಂದೇ ಬಸ್ಸಿನಲ್ಲಿ ಹುಮನಾಬಾದಿಗೆ ಬಂದರು, ಒಂದೇ ಸೀಟಿನಲ್ಲಿ ಅಲ್ಲ. ನಾನು ಅಲ್ಲೇ ಕಾಲೇಜು ಓದುತ್ತಿದ್ದೆ. ಬರೆದದ್ದು ಸರಿಯಿದೆಯೇ ನೋಡು ಎಂದು ಅಪ್ಪ ನನ್ನನ್ನೂ ಕರೆಸಿಕೊಂಡ.

ಹೆಣ್ಣುಮಕ್ಕಳೆಲ್ಲಿ ಎಂದು ಚಾಚಾ ಕೇಳಿದರು. ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಅಲ್ಲಿ ಒಂದಾದರು. ಹೆಂಗಸರನ್ನು ಕಚೇರಿ ಮುಂದೆ ಕೂಡಿಸುವ ಮನೆತನ ನಮ್ಮದಲ್ಲವಂತೆ! ಹಾಗಾದರೆ ಸುಲಾ ಆಗುವುದಿಲ್ಲ ಎಂದು ಚಾಚಾ ಮುದ್ದತ್ತು ಬರೆದರು. ಜೋಳ ಒಕ್ಕಿ ರಾಶಿ ಮುಗಿಯುವ ತನಕ ಯಾರೂ ಯಾರನ್ನೂ ಬಾವಿಯಲ್ಲಿ ತಡೆಯಬಾರದು. ನಾನು ಓದಿ, ಸರಿಯಿದೆ ಎಂದೆ.

ಊರಿಗೆ ಹೋಗಿ ಅಪ್ಪ ಹೇಳಿದ್ದು ರಾಜಿ ಆಯಿತು ಎಂದಷ್ಟೇ. ಅವ್ವ ನಂಬಿ ದೊಡ್ಡವ್ವನಿಗೆ ಹೋಳಿಗೆ ಕಳಿಸಿದಳು. ರಾಶಿ ಮುಗಿದ ಮೂರನೆಯ ದಿನ ಬೆಳಿಗ್ಗೆ ಕೊಡ ಹಿಡಿದು ಬಾವಿಗೆ ಹೋದವಳನ್ನು ದೊಡ್ಡಪ್ಪನ ಮಗ ತಡೆದ. ರಾಜಿ ಆಗಿದೆಯಲ್ಲೋ ಎನ್ನುತ್ತ ಇವಳು ಮುಂದೆ ಹೋದಳಂತೆ. ಅವನು ಬಡಿಗೆ ಬೀಸಿದ್ದು ಕೊಡಕ್ಕೋ, ಕೈಗೋ... ಬಲಗೈ ಮಣಿಕಟ್ಟು ಮುರಿಯಿತು.

ಆ ಬಡಿಗೆಗಿಂತ ಹೆಚ್ಚು ನನ್ನ ಮೈ ಉರಿಸುವುದು ಬೇರೆಯೇ ಇದೆ. ಮುದ್ದತ್ತು ಮುಗಿದದ್ದು ದೊಡ್ಡಪ್ಪನಿಗೆ ಗೊತ್ತಿತ್ತು, ಅವನ ಮಗನಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು, ಆ ಮೂರು ದಿನ ಅವನು ಬಾವಿಯ ಕಡೆ ಸುಳಿದೇ ಇರಲಿಲ್ಲ. ಎಂಥ ನಾಚಿಕೆಗೆಟ್ಟ ಜಾಣತನ! ಓದಿದ್ದ ನಾನಾದರೂ ಹೇಳಿದೆನೇ? ನೀರು ತರುವವಳಿಗೆ ಯಾರೂ ಹೇಳಲಿಲ್ಲ. ಮೇಲೆ ಅಣ್ಣತಮ್ಮಂದಿರಿಬ್ಬರೂ, ಬರೆದವನೇ ಕೆಟ್ಟದಾಗಿ ಬರೆದ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸುದ್ದಿ ತಿಳಿದು ಚಾಚಾ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಅಪ್ಪ ಎದ್ದು ಹಿತ್ತಲಿಗೆ ಹೋದ. ಚಾಚಾ ಕಟ್ಟೆಯ ಮೇಲೆ ಕೂತು ಇಡೀ ಕಾಗದವನ್ನು ಅವ್ವನಿಗೆ ಓದಿ ಹೇಳಿದರು.

"ತಂಗೀ, ಇದು ಅವತ್ತೇ ನಿಮ್ಮ ಮುಂದ ಓದಬೇಕಿತ್ತು. ಸುಲಾಕ್ಕಷ್ಟೇ ಹೆಣ್ಮಕ್ಕಳು ಬೇಕಂತ ತಿಳಿದಿದ್ದೆ. ಮುದ್ದತ್ತಿಗಿ ಇನ್ನೂ ಜಾಸ್ತಿ ಬೇಕಿತ್ತು. ತಪ್ಪು ನಂದು."

ಕಾರ್ಬನ್ ಪ್ರತಿಯನ್ನು ಅವಳ ಎಡಗೈಗೆ ಕೊಟ್ಟು ಹೋದರು. ತಪ್ಪು ನಂದು ಎಂಬ ಮಾತನ್ನು ನಮ್ಮ ಮನೆಯಲ್ಲಿ ಇನ್ನಾರೂ ಆಡಲಿಲ್ಲ. ನಾನೂ ಆಡಲಿಲ್ಲ.

ಆಮೇಲೆ ನಾನು ಬಸವಕಲ್ಯಾಣದಲ್ಲಿ ಟೀಚರಾದೆ. ಚಾಚಾ ಅದೇ ಊರಿನ ಮಗಳ ಮನೆಯಲ್ಲಿ ಕೊನೆಯ ದಿನಗಳನ್ನು ಕಳೆದು ತೀರಿಕೊಂಡರು ಎಂದು ಗೊತ್ತಾದಾಗ ತಿಂಗಳು ದಾಟಿತ್ತು. ನಾಲ್ಕು ಗಲ್ಲಿ ಆಚೆ ಇದ್ದರಂತೆ...

ಅಪ್ಪ, ದೊಡ್ಡಪ್ಪ ಹೋದ ಮೇಲೆ ಈಗ ಅದೇ ಬಾವಿಗೆ ತಮ್ಮನೂ ದೊಡ್ಡಪ್ಪನ ಮಗನೂ ರಾಜಿ ಮಾಡಿಕೊಂಡಿದ್ದಾರೆ. ಕಂಪ್ಯೂಟರಿನಲ್ಲಿ ಹೊಡೆಸಿದ ನಾಲ್ಕು ಪುಟ. ಎಲ್ಲ ಆಗಿದೆ, ನೀವಿಬ್ಬರೂ ಬರೀ ಸಹಿ ಮಾಡಿ ಎಂದು ತಮ್ಮ ಅವಸರ ಮಾಡಿದ. ನಾನು ಕಾಗದ ಕಿತ್ತುಕೊಂಡು ಅವ್ವನ ಎದುರು ಕೂತು ಮೊದಲಿನಿಂದ ಓದತೊಡಗಿದೆ. ಎರಡನೆಯ ಪುಟಕ್ಕೆ ಅವ್ವ ಸೊಟ್ಟಗಾದ ಮಣಿಕಟ್ಟನ್ನು ಎತ್ತಿ ನನ್ನನ್ನು ನಿಲ್ಲಿಸಿದಳು.

"ಎಲ್ಲೀತನಕ ಅದ, ಕೇಳು ಅವನಿಗಿ."

ತಮ್ಮ ಹಾಳೆ ಇಸಿದುಕೊಂಡು ಹಿಂದೆ ಮುಂದೆ ತಿರುವಿದ. ಅವನೂ ಓದಿರಲಿಲ್ಲ. ಬಸ್ಸು ಹತ್ತಿ ಬಂದು ಓದಿ ಹೇಳುವವರು ಈಗ ಇಲ್ಲ. ಅವ್ವ ಆಧಾರ್ ಕಾರ್ಡನ್ನು ಮತ್ತೆ ಟ್ರಂಕಿನೊಳಗೆ ಇಟ್ಟಳು.