ಸುಳ್ಳು ಹಬ್ಬ

ಈ ಸಲದ ಯುಗಾದಿಯ ದಿನ ಸೊಸೆ ಕಾಯಿ ತುರಿದು ಹಿತ್ತಿಲಿಗೆ ಎಸೆದ ಕರಟವನ್ನು ಮೊಮ್ಮಗಳು ಎತ್ತಿಕೊಂಡು ಬಂದಳು. ಅದರ ತುಂಬ ಮಣ್ಣು ಕಲಸಿದ್ದಳು. “ಅಜ್ಜಿ, ಪಾಯಸ” ಎಂದು ನನ್ನ ಮೂಗಿಗೇ ಹಿಡಿದಳು. ಹಸಿ ಕಾಯಿಯ ವಾಸನೆ, ಅದರ ಜೊತೆಗೆ ಒದ್ದೆ ಮಣ್ಣಿನ ವಾಸನೆ. ಎರಡೂ ಒಟ್ಟಿಗೆ ನನ್ನ ಮೂಗಿಗೆ ಬಿದ್ದು ಐವತ್ತು ವರ್ಷದ ಮೇಲಾಗಿತ್ತು. ಅಳು ಬರಲಿಲ್ಲ. ಏನೂ ಬರಲಿಲ್ಲ. ಬಿಡಿಸುತ್ತಿದ್ದ ಬೇವಿನ ಹೂವನ್ನು ಪಕ್ಕಕ್ಕಿಟ್ಟು, ಕರಟ ಈಸಿಕೊಂಡೆ. ಮೂಲೆಮನೆ ಅತ್ತೆ ನೆನಪಾದರು.

ದೊಡ್ಡಬಳ್ಳಾಪುರದಲ್ಲಿ ನಾವಿದ್ದ ಬೀದಿಯಲ್ಲಿ ಎಲ್ಲವೂ ಮಗ್ಗದ ಮನೆಗಳೇ. ಬೀದಿ ತಿರುಗುವ ಮೂಲೆಯಲ್ಲಿ ಅತ್ತೆಯ ಮನೆ. ನಮಗೂ ಅವರಿಗೂ ಸಂಬಂಧ ಏನೂ ಇರಲಿಲ್ಲ. ಬೀದಿಯ ಮಕ್ಕಳೆಲ್ಲ ಅವರನ್ನು ಅತ್ತೆ ಎನ್ನುತ್ತಿದ್ದೆವು, ಅವರ ಗಂಡನನ್ನು ಮಾವ ಎನ್ನುತ್ತಿದ್ದೆವು. ಮಾವ ಮಗ್ಗದಲ್ಲಿ ಕೂತರೆ ಮಾತಿಲ್ಲ. ಅತ್ತೆಗೆ ಮಾತು ಬೇಕು. ಅವರ ಮನೆಯಲ್ಲಿ ಮಕ್ಕಳಿರಲಿಲ್ಲ.

ಯುದ್ಧದ ಕಾಲ ಅದು. ಸಕ್ಕರೆ, ಸೀಮೆಎಣ್ಣೆ ಎಲ್ಲ ಅಳತೆಯ ಮೇಲೆ ಸಿಗುತ್ತಿತ್ತು. ನೂಲೂ ಅಷ್ಟೇ. ಹಬ್ಬ ಹತ್ತಿರ ಬಂತೆಂದರೆ ಅಪ್ಪನಿಗೆ ಮಗ್ಗದಿಂದ ಸೀರೆ ಇಳಿಸುವ ಅವಸರ, ಅಮ್ಮನಿಗೆ ಅಡುಗೆಯ ಅವಸರ. ಅಮ್ಮ ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಒಲೆಯ ಮುಂದೆ ಕೂರುತ್ತಿದ್ದಳು. ಮಡಿ. ದೇವರ ಎಡೆ ಆಗುವ ತನಕ ಮಕ್ಕಳು ಅವಳನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಮೊದಲಿಂದ ಎಲ್ಲ. ನನಗೆ ಒಂಬತ್ತು ವರ್ಷ, ತಮ್ಮನಿಗೆ ಆರು, ತಂಗಿ ಇನ್ನೂ ಅಂಬೆಗಾಲಿನ ಕೂಸು. ಕೂಸಿಗೆ ಮಡಿ ಏನು ಗೊತ್ತು... ಒಂದು ಹಬ್ಬದಲ್ಲಿ ಅಮ್ಮ ನಾಲ್ಕು ಸಲ ತಣ್ಣೀರು ಹಾಕಿಕೊಂಡು, ಆಮೇಲೆ ತಿಂಗಳುಗಟ್ಟಲೆ ಕೆಮ್ಮಿದ್ದು ನನಗೆ ನೆನಪಿದೆ. ಹಬ್ಬದ ದಿನ ಅವಳ ಬಾಯಲ್ಲಿ ಒಂದೇ ಮಾತು. ಮುಟ್ಟಬೇಡ, ಮುಟ್ಟಬೇಡ.

ಪುಣ್ಯಕ್ಕೆ ಅತ್ತೆ ಇದ್ದರು. ಯುಗಾದಿಯ ದಿನ ನಾವು ಎಣ್ಣೆನೀರು ಮಾಡಿಕೊಂಡು ಆಗುವಷ್ಟರಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

“ಏನಮ್ಮ, ಈ ಮಂಗಗಳನ್ನ ನನ್ ಕಡೆ ಬಿಡು. ನೀನು ನೆಮ್ಮದಿಯಾಗಿ ಬೇಯಿಸ್ಕೊ.”

ಒಮ್ಮೆ ತಮ್ಮ ಕೇಳಿದ. “ನಿಮ್ಮನೇಲಿ ಹಬ್ಬ ಇಲ್ವಾ ಅತ್ತೆ?”

“ನಿಮ್ಮನೇಲಿ ನಿಜದ ಹಬ್ಬ, ನಮ್ಮನೇಲಿ ಸುಳ್ಳು ಹಬ್ಬ ಕಣೋ. ಬರ್ತೀಯೋ, ಇಲ್ಲೇ ಇದ್ದು ಏಟು ತಿಂತೀಯೋ?”

ಹೋಗುತ್ತಿದ್ದೆವು. ಬೀದಿಯ ಹತ್ತು ಹನ್ನೆರಡು ಮಕ್ಕಳೂ ಅವರ ಹಿತ್ತಿಲಲ್ಲಿ ಸೇರುತ್ತಿದ್ದವು. ಅತ್ತೆ ಒಬ್ಬೊಬ್ಬರ ಕಾಲಿಗೂ ಒಂದೊಂದು ಚೊಂಬು ನೀರು ಹಾಕಿ, ಸೊಂಟಕ್ಕೆ ಹಳೆ ಪಂಚೆಯ ತುಂಡು ಸುತ್ತಿ, “ಈಗ ನೀವೆಲ್ಲ ಮಡಿ. ಯಾರನ್ನೂ ಮುಟ್ಟಕೂಡ್ದು, ಯಾರೂ ನಿಮ್ಮನ್ನ ಮುಟ್ಟಕೂಡ್ದು” ಎನ್ನುತ್ತಿದ್ದರು. ಅಷ್ಟೇ. ಮನೆಯಲ್ಲಿ ಅಮ್ಮನ ಸೆರಗು ಹಿಡಿದೇ ಓಡಾಡುತ್ತಿದ್ದ ತಮ್ಮ ಇಲ್ಲಿ ಕೋಳಿ ಹತ್ತಿರ ಬಂದರೂ ಹಾರಿ ನಿಲ್ಲುತ್ತಿದ್ದ. ಒಂದು ಸಲ ನೀರು ಕುಡಿಯಲು ಮನೆಗೆ ಓಡಿದವನು ಅಮ್ಮನಿಗೇ, “ದೂರ ನಿಲ್ಲಮ್ಮ, ನಾನು ಮಡೀಲಿದೀನಿ” ಎಂದನಂತೆ. ಒಲೆಯ ಮುಂದೆ ಕೂತು ಅಮ್ಮ ಅವತ್ತು ನಕ್ಕಿದ್ದಳು. ಹಬ್ಬದ ದಿನ ಅಮ್ಮ ನಗುವುದು ಅಪರೂಪ. ಅದೂ ದೇವರು ಕೊಟ್ಟದ್ದೇ ಎಂದು ಇವತ್ತು ಅನ್ನಿಸುತ್ತದೆ.

ಗಂಡುಹುಡುಗರು ಇಟ್ಟಿಗೆ ಚೂರು ಕುಟ್ಟಿ ಕುಂಕುಮ ಮಾಡಬೇಕು. ನಾವು ಹೆಣ್ಣುಮಕ್ಕಳು ಹರಳೆಲೆಯ ಮೇಲೆ ಮಣ್ಣಿನ ಒಬ್ಬಟ್ಟು ತಟ್ಟಬೇಕು. ಮಗ್ಗದಲ್ಲಿ ಕತ್ತರಿಸಿ ಬಿಟ್ಟ ಬಣ್ಣದ ನೂಲು ಕಟ್ಟಿ ಬಾಗಿಲಿಗೆ ತೋರಣ. ಎಲ್ಲರಿಗಿಂತ ದೊಡ್ಡ ಹುಡುಗ ಒಂದು ಹೆಂಚಿನ ತುಂಡು ಹಿಡಿದು ಪಂಚಾಂಗ ಓದುತ್ತಿದ್ದ. “ಈ ವರ್ಷ ಮಳೆ ಹೆಚ್ಚು, ಮೇಷ್ಟ್ರ ಏಟು ಕಮ್ಮಿ.” ಆಮೇಲೆ ಸಾಲಾಗಿ ಕೂರಿಸಿ ಅತ್ತೆ ಬಡಿಸುತ್ತಿದ್ದರು. ಕರಟದಲ್ಲಿ ಮಣ್ಣಿನ ಪಾಯಸ, ತುಪ್ಪ ಎಂದರೆ ನೀರು.

“ಇನ್ನೊಂದು ಹಾಕ್ಲಾ?”

“ಸಾಕು ಅತ್ತೆ, ಹೊಟ್ಟೆ ಒಡೆದೋಗುತ್ತೆ.”

“ನಾಚ್ಕೋಬೇಡ, ನಿಮ್ಮನೆ ಅಂದ್ಕೊ” ಎಂದು ಇನ್ನೊಂದು ಹಾಕುತ್ತಿದ್ದರು.

ಸುಳ್ಳು ಹಬ್ಬದಲ್ಲಿ ಒಂದು ಕಟ್ಟಳೆ ಇತ್ತು. ಯಾರೂ ಮಲಗಬಾರದು. ಒಂದು ವರ್ಷ ನನ್ನ ತಮ್ಮ ಉಂಡು ತೇಗಿದ ಹಾಗೆ ಮಾಡಿ, ಜಗಲಿಯ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದ. ಅತ್ತೆ ಬಡಿಸುತ್ತಿದ್ದ ಕರಟ ಬಿಟ್ಟು ಓಡಿ ಬಂದು ಅವನ ರಟ್ಟೆ ಹಿಡಿದು ಎಳೆದು ಕೂರಿಸಿದರು. “ಏಳು. ಇಲ್ಲಿ ಯಾರೂ ಮಲಗಕೂಡ್ದು ಅಂದಿಲ್ವಾ?” ಎಂದರು. ಅವನ ತೋಳಿನ ಮೇಲೆ ಅವರ ಬೆರಳಿನ ಗುರುತು ಸಂಜೆಯ ತನಕ ಇತ್ತು. ಅವರು ಮಕ್ಕಳ ಮೇಲೆ ಕೈ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ...

ಅದರ ಮಾರನೆಯ ವರ್ಷ ಮಾವ ಘಾಟಿಯ ದನಗಳ ಜಾತ್ರೆಯಿಂದ ಒಂದು ಗಬ್ಬದ ಹಸು ಹಿಡಿದು ತಂದರು. ಮಗ್ಗದವರ ಮನೆಗೆ ಹಸು ಏಕೆ ಎಂದು ಕೇಳಿದೆ. ಅಮ್ಮ ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದವಳು ರಾಟೆ ನಿಲ್ಲಿಸಿ ಹೇಳಿದಳು. ಅತ್ತೆಗೆ ಒಬ್ಬ ಮಗನಿದ್ದ. ಆಗ ಅವನಿಗೆ ನನ್ನ ತಮ್ಮನಷ್ಟೇ ವಯಸ್ಸು. ಎರಡು ದಿನದಿಂದ ಮೈ ಬೆಚ್ಚಗಿತ್ತು, ಯುಗಾದಿಯ ದಿನ ಸ್ವಲ್ಪ ಗೆಲುವಾಗಿ ಅರ್ಧ ಒಬ್ಬಟ್ಟು ತಿಂದು, ನಿದ್ದೆ ಬರ್ತಿದೆ ಎಂದು ಜಗಲಿಯ ಮೇಲೆ ಮಲಗಿದ. ಅತ್ತೆ ಒಳಗೆ ಬಡಿಸುತ್ತಿದ್ದರು. ಬಂದು ಎಬ್ಬಿಸಿದಾಗ ಏಳಲಿಲ್ಲ.

ಹಬ್ಬದ ದಿನ ಮನೆಯಲ್ಲಿ ಸಾವಾದರೆ ಆ ಮನೆಗೆ ಆ ಹಬ್ಬ ನಿಂತುಹೋಗುತ್ತದೆ. ಆಮೇಲೆ ಯಾವ ವರ್ಷವೂ ಮಾಡುವ ಹಾಗಿಲ್ಲ. ಎಂದಾದರೂ ಅದೇ ಹಬ್ಬದ ದಿನ ಆ ಮನೆಯಲ್ಲಿ ಒಂದು ಮಗು ಹುಟ್ಟಬೇಕು, ಇಲ್ಲವೇ ಕೊಟ್ಟಿಗೆಯಲ್ಲಿ ಒಂದು ಕರು ಹುಟ್ಟಬೇಕು. ಆಗ ಹಬ್ಬ ಮನೆಗೆ ಮರಳಿ ಬರುತ್ತದೆ. ಅತ್ತೆಗೆ ಮತ್ತೆ ಮಕ್ಕಳಾಗಲಿಲ್ಲ. “ಅದಕ್ಕೇ ಹಸು” ಎಂದು ಅಮ್ಮ ಮತ್ತೆ ರಾಟೆ ತಿರುಗಿಸಿದಳು.

ಆ ಯುಗಾದಿಗೆ ಸುಳ್ಳು ಹಬ್ಬ ಇರಲಿಲ್ಲ. ಬೆಳಗಿನಿಂದಲೇ ಹಸುವಿಗೆ ನೋವು ಕಾಣಿಸಿಕೊಂಡಿತ್ತು. ಪಾಡ್ಯ ಹಗಲು ಮೂರು ಗಂಟೆಯವರೆಗೆ, ಆಮೇಲೆ ಬಿದಿಗೆ, ಬಿದಿಗೆಯಲ್ಲಿ ಹುಟ್ಟಿದರೆ ಪ್ರಯೋಜನವಿಲ್ಲ ಎಂದು ಪುರೋಹಿತರು ಪಂಚಾಂಗ ನೋಡಿ ಹೇಳಿಬಿಟ್ಟಿದ್ದರು. ಆದರೂ ಅತ್ತೆ ನಮ್ಮನ್ನು ಮನೆಗೆ ಕಳಿಸಲಿಲ್ಲ. “ಹಸೂಗೆ ನಾಚ್ಕೆ ಆಗುತ್ತೆ, ಎಲ್ರೂ ಬೆನ್ನು ತಿರುಗಿಸ್ಕೊಂಡು ಕೂತ್ಕೊಳ್ಳಿ. ಯಾರು ಮೊದ್ಲು ತಿರುಗ್ತಾರೋ ಅವ್ರು ಸೋತ್ರು” ಎಂದರು. ಹನ್ನೆರಡು ಮಕ್ಕಳು ಕೊಟ್ಟಿಗೆಗೆ ಬೆನ್ನು ಹಾಕಿ ಗೋಡೆ ನೋಡುತ್ತ ಕೂತೆವು. ಅಂಥ ದಿನವೂ ನಮಗೊಂದು ಆಟ ಮಾಡಿಕೊಟ್ಟರಲ್ಲ ಎಂದು ಈಗ ಅಂದುಕೊಳ್ಳುತ್ತೇನೆ. ಆಗ ಸೋಲಬಾರದು ಎಂಬುದಷ್ಟೇ ತಲೆಯಲ್ಲಿತ್ತು.

ಬೀದಿಗೆಲ್ಲ ಇದ್ದದ್ದು ಒಂದೇ ಗೋಡೆಗಡಿಯಾರ. ಅದು ನಮ್ಮ ಮನೆಯ ನಡುಮನೆಯಲ್ಲಿತ್ತು. ಗಂಟೆ ಹೊಡೆಯುವುದನ್ನು ಎಂದೋ ನಿಲ್ಲಿಸಿತ್ತು, ಮುಳ್ಳು ಮಾತ್ರ ತಿರುಗುತ್ತಿತ್ತು. ನಾನು ಆ ವರ್ಷವೇ ಗಡಿಯಾರ ನೋಡಲು ಕಲಿತಿದ್ದೆ. ಅತ್ತೆ ನನ್ನನ್ನು ಕರೆದು, “ಕರು ನೆಲಕ್ಕೆ ಬಿದ್ದ ತಕ್ಷಣ ಓಡ್ಬೇಕು. ಎಷ್ಟು ಗಂಟೆ ಅಂತ ನೋಡ್ಕೊಂಡು ಬರ್ಬೇಕು” ಎಂದಿದ್ದರು.

ಊಟದ ಹೊತ್ತು ಕಳೆಯಿತು. ನೆರಳು ಗೋಡೆ ಹತ್ತಿತು. ಹಸು ಒಮ್ಮೆ ನೀಳವಾಗಿ ಕೂಗಿತು. ಮಾವ, “ಬಂತು” ಎಂದರು. ನಾನು ಓಡಿದೆ.

ಅವತ್ತು ಮನೆಯಲ್ಲೇ ಉಳಿದಿದ್ದ ತಂಗಿ ಮುಟ್ಟಿಬಿಟ್ಟು ಎರಡು ಸಲ ಅಡುಗೆ ನಿಂತು, ನಮ್ಮಲ್ಲಿ ಇನ್ನೂ ಎಡೆ ಆಗಿರಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಸೀರೆಯಲ್ಲಿ ನಿಂತಿದ್ದಳು. ನಾನು ಗಡಿಯಾರ ನೋಡಿದೆ. ಮೂರು ಗಂಟೆ ಹತ್ತು ನಿಮಿಷ. ಅಮ್ಮನೂ ನೋಡಿದಳು.

“ಕರು ಹಾಕ್ತಾ?”

“ಹೂಂ.”

ಅಮ್ಮ ಬೀದಿಬಾಗಿಲ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. “ನಾನು ಮುಟ್ಟೋ ಹಾಗಿಲ್ಲ. ನೂಲಿನ ಪೆಟ್ಟಿಗೆ ಹತ್ತು ಮಗಾ. ಆ ದೊಡ್ಡ ಮುಳ್ಳನ್ನ ಹಿಂದಕ್ಕೆ ತಳ್ಳು. ಹತ್ತರ ಮೇಲೆ ನಿಲ್ಸು.”

ಹತ್ತಿದೆ. ತಳ್ಳಿದೆ. ಮುಳ್ಳು ತಣ್ಣಗಿತ್ತು. ನಾನು ಪೆಟ್ಟಿಗೆಯಿಂದ ಇಳಿದು ನಿಲ್ಲುವಷ್ಟರಲ್ಲಿ ಮಾವ ಬಾಗಿಲಲ್ಲಿದ್ದರು. ಮಕ್ಕಳ ಮಾತು ನಂಬಿ ಕೂರುವವರಲ್ಲ ಅವರು. ಏದುಸಿರು ಬಿಡುತ್ತ ಗಡಿಯಾರದ ಕೆಳಗೆ ನಿಂತು ನೋಡಿದರು. ಮೂರಕ್ಕೆ ಇನ್ನೂ ಹತ್ತು ನಿಮಿಷ.

“ಪಾಡ್ಯ ಇದೆ” ಎಂದರು. ನಮಗೆ ಹೇಳಿದ ಹಾಗಿರಲಿಲ್ಲ. ಗೋಡೆಯ ಕಡೆಗೆ ತಿರುಗಿ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಹೊರಟುಹೋದರು.

ಹೆಣ್ಣು ಕರು. ಬೀದಿಯೆಲ್ಲ ಹೋಗಿ ನೋಡಿ ಬಂತು. ಸಂಜೆ ದೀಪ ಹಚ್ಚುವ ಮುಂಚೆ ಅಮ್ಮ ಬಚ್ಚಲಿಗೆ ಹೋಗಿ ಇನ್ನೊಂದು ಸಲ ತಲೆಗೆ ನೀರು ಹಾಕಿಕೊಂಡಳು. ಆ ಹೊತ್ತಿನಲ್ಲಿ ಅವಳನ್ನು ಯಾರೂ ಮುಟ್ಟಿರಲಿಲ್ಲ. ಎರಡು ದಿನ ಕಳೆದು ಅಪ್ಪ, “ಇದೇನು, ಗಡಿಯಾರ ಇಪ್ಪತ್ತು ನಿಮಿಷ ಹಿಂದೆ ಬಿದ್ದಿದೆ” ಎಂದು ಸರಿಮಾಡಿದರು. ಅಮ್ಮ, “ಹಳೇದಲ್ವಾ” ಎಂದಳು. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲೇ ಇಲ್ಲ.

ಮುಂದಿನ ಯುಗಾದಿಗೆ ನಾವು ರೂಢಿಯಂತೆ ಅತ್ತೆಯ ಮನೆಗೆ ಓಡಿದೆವು. ಬಾಗಿಲಿಗೆ ಮಾವಿನ ತೋರಣ, ಒಳಗಿಂದ ಬೆಲ್ಲ ಏಲಕ್ಕಿಯ ವಾಸನೆ. ಅತ್ತೆ ಒದ್ದೆ ಸೀರೆಯಲ್ಲಿ ಬಾಗಿಲಿಗೆ ಬಂದರು.

“ಈ ಕಡೆ ಬರ್ಬೇಡಿ ಕಣ್ರೋ. ಮಡೀಲಿದೀನಿ. ಮುಟ್ಟಬೇಡಿ.”

ಥೇಟ್ ಅಮ್ಮನ ದನಿ. ಮಕ್ಕಳೆಲ್ಲ ಸ್ವಲ್ಪ ಹೊತ್ತು ಬೀದಿಯಲ್ಲೇ ನಿಂತಿದ್ದು, ತಂತಮ್ಮ ಮನೆಗೆ ಹೋದವು. ನಮ್ಮ ಮನೆಯಲ್ಲಿ ಮಧ್ಯಾಹ್ನದೊಳಗೆ ತಂಗಿ ಅಮ್ಮನನ್ನು ಎರಡು ಸಲ ಮುಟ್ಟಿದಳು. ಅಮ್ಮ ಎರಡು ಸಲ ನೀರು ಹಾಕಿಕೊಂಡಳು. ಯಾರನ್ನೂ ಬೈಯಲಿಲ್ಲ. ಅತ್ತೆಗೆ ಹಬ್ಬ ಮರಳಿದರೆ ಹೀಗಾಗುತ್ತದೆ ಎಂದು ಅವಳಿಗೆ ಹೋದ ವರ್ಷವೇ ಗೊತ್ತಿತ್ತು ಎಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ನನಗೇ ಮಕ್ಕಳಾಗಿ, ಹಬ್ಬದ ದಿನ ನಾನೂ ನೀರು ಹಾಕಿಕೊಳ್ಳುವಾಗ.

ಮಧ್ಯಾಹ್ನ ತಿರುಗಿದ ಮೇಲೆ ಅತ್ತೆ ತಟ್ಟೆಯ ತುಂಬ ಒಬ್ಬಟ್ಟು ತಂದರು. ನಮ್ಮ ಜಗಲಿಯ ಮೇಲೆ ಕೂತು ನಮಗೆ ಒಂದೊಂದು ಕೊಟ್ಟರು. ತುಪ್ಪವೂ ಇತ್ತು, ನಿಜವಾದ ತುಪ್ಪ. ತಮ್ಮ ಒಂದು ತುತ್ತು ತಿಂದು, “ಮಣ್ಣಿಂದೇ ಚೆನ್ನಾಗಿತ್ತು ಅತ್ತೆ” ಎಂದ. ನಾನು ಅವನ ಕಾಲು ತುಳಿದೆ.

ಅಮ್ಮ ಕೇಳಿದಳು. “ಹಬ್ಬ ಚೆನ್ನಾಗಾಯ್ತಾ ಅಕ್ಕ?”

“ಹೂಂ. ಬೆಳಗ್ಗೆಯಿಂದ ನಿಂತ್ಕೊಂಡು ಮಾಡ್ದೆ. ಅವ್ರೊಬ್ರಿಗೆ ಬಡಿಸ್ದೆ.” ಅತ್ತೆ ತಟ್ಟೆಯ ಅಂಚಿನ ಬೆಲ್ಲವನ್ನು ಬೆರಳಲ್ಲಿ ಒರೆಸುತ್ತ ಇದ್ದರು. ಬಹಳ ಹೊತ್ತು ಒರೆಸಿದರು. “ಹಬ್ಬ ಬಂತು ಕಣಮ್ಮ” ಎಂದರು. ಆಮೇಲೆ, “ಹಬ್ಬ ಒಂದೇ ಬಂತು.”

ಅತ್ತೆ ಖಾಲಿ ತಟ್ಟೆ ಎತ್ತಿಕೊಂಡು ಹೋದರು. ಸುಳ್ಳು ಹಬ್ಬ ಮತ್ತೆ ಆಗಲಿಲ್ಲ. ಮರಳಿ ಬಂದ ಹಬ್ಬವನ್ನು ಬಿಡಬಾರದು. ಅವರು ಪ್ರತಿ ವರ್ಷವೂ ಮಾಡಿದರು.

ನನ್ನನ್ನು ಹತ್ತಿರದ ವಿಜಯಪುರಕ್ಕೆ ಕೊಟ್ಟರು. ರೇಷ್ಮೆ ನೂಲು ಹುರಿ ಮಾಡುವ ಮನೆ. ಅತ್ತೆ ತೀರಿಕೊಂಡ ಸುದ್ದಿ ಹದಿನೈದು ದಿನ ಕಳೆದು, ಯಾರದೋ ಮದುವೆಗೆ ಕರೆಯಲು ಬಂದವರ ಬಾಯಿಂದ ಬಂತು. ಅವರಿಗೆ ಕಾಫಿ ಕೊಟ್ಟೆ. ಲೋಟ ತೊಳೆದಿಟ್ಟೆ. ಅವತ್ತೂ ಅಳು ಬರಲಿಲ್ಲ. ಆ ದಿನ ಮುಳ್ಳು ತಳ್ಳದೆ ಇದ್ದಿದ್ದರೆ ಅತ್ತೆ ನಮಗೆ ಉಳಿಯುತ್ತಿದ್ದರು, ಹಬ್ಬ ಅವರಿಗೆ ಇರುತ್ತಿರಲಿಲ್ಲ. ದೇವರು ಇದನ್ನು ಯಾವ ಕಡೆ ಬರೆದುಕೊಂಡಿದ್ದಾನೋ ನನಗೆ ತಿಳಿಯದು. ದೀಪ ಹಚ್ಚುವಾಗ ಕೇಳುವುದನ್ನೂ ಬಿಟ್ಟಿದ್ದೇನೆ.

ಈ ಯುಗಾದಿಯ ದಿನ ಒಳಗೆ ಸೊಸೆ ಒಂದು ಕಣ್ಣು ಒಲೆಯ ಮೇಲೆ, ಒಂದು ಕಣ್ಣು ಮಗಳ ಮೇಲೆ ಇಟ್ಟು, “ಇವಳನ್ನ ಏನ್ ಮಾಡ್ಲಿ ಅತ್ತೆ, ಹೂರಣಕ್ಕೆ ಮಣ್ಣು ಕೈ ಹಾಕ್ತಾಳೆ” ಎನ್ನುತ್ತಿದ್ದಳು. “ನನ್ ಹತ್ರ ಬಿಡು” ಎಂದೆ. ಮೊಮ್ಮಗಳ ಕಾಲಿಗೆ ಒಂದು ಚೊಂಬು ನೀರು ಹಾಕಿದೆ. ನೀನೀಗ ಮಡಿ ಎಂದು ಹೇಳಿಕೊಟ್ಟೆ. ಮಧ್ಯಾಹ್ನದವರೆಗೂ ಅವಳು ಅಮ್ಮನ ಹತ್ತಿರ ಸುಳಿಯಲಿಲ್ಲ. ಮಣ್ಣಿನ ಒಬ್ಬಟ್ಟು ತಟ್ಟಿದಳು, ನನಗೆ ಬಡಿಸಿದಳು, ತಾನೂ ಉಂಡಳು. ಆಮೇಲೆ, “ಊಟ ಆಯ್ತಜ್ಜಿ, ನಿದ್ದೆ” ಎಂದು ಸಿಮೆಂಟಿನ ಕಟ್ಟೆಯ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದಳು.

ನನ್ನ ಕೈ ತಾನಾಗಿ ಹೋಗಿ ಅವಳ ರಟ್ಟೆ ಹಿಡಿದು ಎಬ್ಬಿಸಿತು.

“ಏಳು. ಸುಳ್ಳು ಹಬ್ಬದಲ್ಲಿ ಯಾರೂ ಮಲಗಕೂಡ್ದು.”

“ಯಾರು ಹೇಳಿದ್ದು?”

“ಮೂಲೆಮನೆ ಅತ್ತೆ.”

“ಅವ್ರ ಹೆಸ್ರೇನಜ್ಜಿ?”

ಅಷ್ಟು ವರ್ಷದಲ್ಲಿ ಅವರ ಹೆಸರನ್ನು ನಾನು ಯಾರಲ್ಲೂ ಕೇಳಿರಲಿಲ್ಲ. ಈಗ ಕೇಳೋಣವೆಂದರೆ ಅಮ್ಮನೂ ಇಲ್ಲ, ಮಾವನೂ ಇಲ್ಲ, ಆ ಬೀದಿಯಲ್ಲಿ ನಮ್ಮ ಕಾಲದವರು ಯಾರೂ ಇಲ್ಲ. ಮೊಮ್ಮಗಳು ಉತ್ತರಕ್ಕೆ ಕಾಯಲಿಲ್ಲ. ಕರಟ ಎತ್ತಿಕೊಂಡು ನನ್ನ ಎಲೆಯ ಮೇಲೆ ಬಗ್ಗಿದಳು.

“ಇನ್ನೊಂದು ಹಾಕ್ಲಾ?”

ಹಾಕು ಎಂದೆ.