ಮೂವರು ನೀರೆರೆದ ಬೇವು

ಅತ್ತೆ ಕಮರಿಪೇಟೆಯ ನನ್ನ ಮೈದುನನ ಮನೆಯಿಂದ ನವನಗರದ ನಮ್ಮ ಮನೆಗೆ ಬಂದದ್ದು ಮಳೆಗಾಲದಲ್ಲಿ. ಬಂದವರೇ ಹೇಳಿದರು: "ಬ್ಯಾಸಿಗಿ ತನಕ ಇದ್ದು ನೋಡ್ತೇನಿ. ಮನಸ್ಸು ಹತ್ತಲಿಲ್ಲಂದ್ರ ತಿರುಗಿ ಹೋಗ್ತೇನಿ."

ಕಮರಿಪೇಟೆಯಲ್ಲಿ ಓಣಿ ಇಕ್ಕಟ್ಟು, ಆದರೆ ಗೋಡೆಗಳೇ ನೆರಳು. ಮಧ್ಯಾಹ್ನ ಕಟ್ಟೆಯ ಮೇಲೆ ಮೆಂತ್ಯೆ ಪಲ್ಯದ ಸೊಪ್ಪು ಸೋಸುತ್ತಾ ನಾಲ್ಕು ಜನ ಮಾತಿಗೆ ಕೂಡುತ್ತಿದ್ದರು. ನಮ್ಮ ಬಾಗಿಲು ಪಶ್ಚಿಮಕ್ಕೆ. ಊಟವಾದ ಮೇಲೆ ಬಿಸಿಲು ಸೀದಾ ಹೊಸ್ತಿಲಿಗೆ ಬರುತ್ತದೆ. "ಇಂಥಾ ಬಿಸಲಾಗ ಯಾರ್ ಬಂದು ಕುಂದರ್ತಾರವಾ?" ಎನ್ನುತ್ತಿದ್ದರು ಅತ್ತೆ. ನನಗೆ ಅವರು ಹೋಗುವುದು ಬೇಡವಾಗಿತ್ತು. ಹಗಲೆಲ್ಲ ಒಬ್ಬಳೇ ಇರುತ್ತಿದ್ದ ನನಗೂ ಮಾತಿಗೊಂದು ಜೀವ ಸಿಕ್ಕಿತ್ತು.

ಅದಕ್ಕೇ, ಬಾಗಿಲಿಗೆ ನೆರಳಾಗಲೆಂದು, ನಮ್ಮ ಮನೆಯವರು ರಾಯಾಪುರದ ಕಡೆಯಿಂದ ಆಳೆತ್ತರದ ಬೇವಿನ ಸಸಿ ತಂದು ಗೇಟಿನ ಪಕ್ಕ ನೆಟ್ಟರು. "ಗಟ್ಟಿ ಗಿಡ. ಅದಕ್ಕೇನೂ ಆರೈಕಿ ಬೇಕಾಗಿಲ್ಲ," ಎಂದರು. ಮಳೆ ಇರುವ ತನಕ ಸಸಿ ಚೆನ್ನಾಗಿಯೇ ಇತ್ತು. ದೀಪಾವಳಿ ಕಳೆದ ಮೇಲೆ ಎಲೆ ಹಳದಿಗೆ ತಿರುಗಿತು. ನೀರು ಸಾಲುತ್ತಿಲ್ಲವೆಂದು ಅಕ್ಕಿ ತೊಳೆದ ನೀರಿನ ಜೊತೆಗೆ ತರಕಾರಿ ತೊಳೆದದ್ದನ್ನೂ ಸುರಿಯತೊಡಗಿದೆ. ಹಳದಿ ಇನ್ನೂ ಹೆಚ್ಚಿತು.

ಒಂದು ಬೆಳಿಗ್ಗೆ ಬುಡದ ಹತ್ತಿರ ಕಸ ತೆಗೆಯಲು ಹೋದರೆ ಚಪ್ಪಲಿ ಕೆಸರಿನಲ್ಲಿ ಹೂತುಹೋಯಿತು. ಮಳೆ ನಿಂತು ಎಷ್ಟೋ ದಿನವಾಗಿತ್ತು. ಕೋಲಿನಿಂದ ಕೆದಕಿದರೆ ಕೊಳೆತ ವಾಸನೆ. ನಮ್ಮದು ಎರೆಮಣ್ಣು, ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಚಹಾದ ಹೊತ್ತಿಗೆ ಕೇಳಿದೆ: "ಗಿಡಕ್ಕ ನನ್ನ ಬಿಟ್ಟು ಮತ್ತ್ಯಾರ್ ನೀರು ಹಾಕಾಕತ್ತೀರಿ?"

"ನಾ ಹಾಕಿಲ್ಲವಾ," ಎಂದರು ಅತ್ತೆ.

"ಮುಂಜಾನಿ ತಂಬಿಗಿ ಹಿಡಕೊಂಡು ಹೋಗ್ತೀರಲ್ರಿ, ಅತ್ತಿ?"

"ಅದು ಲಿಂಗಪೂಜಿ ನೀರು. ಅದನ್ನೂ ನೀರಿನ ಲೆಕ್ಕಕ್ಕ ಹಿಡೀತಾರೇನ?"

ಪೇಪರಿನ ಹಿಂದಿನಿಂದ ನಮ್ಮ ಮನೆಯವರ ದನಿ ಬಂತು: "ಸಂಜಿಕ ನಾ ಪೈಪ್ ಬಿಡ್ತೇನಿ. ನೀವಿಬ್ಬರೂ ಮರೀತೀರಿ ಅಂತ."

"ಎಷ್ಟೊತ್ತು ಬಿಡ್ತೀರಿ?"

"ಫೋನ್‌ನ್ಯಾಗ ಮಾತು ಮುಗಿಯೂ ತನಕ."

ಅತ್ತೆ ಬಸಿಯಲ್ಲಿ ಚಹಾ ಆರಿಸುತ್ತಾ ನಕ್ಕರು. "ಮೂರು ಮಂದಿ ಕೂಡಿ ಕೂಸಿಗೆ ಕುಡಿಸಿ ಕುಡಿಸಿ ಅಜೀರ್ಣ ಮಾಡೇವಿ ಅನ್ನು."

ಪೈಪು ಸುತ್ತಿಟ್ಟದ್ದಾಯಿತು, ನನ್ನ ಪಾತ್ರೆ ಬಚ್ಚಲಿಗೆ ತಿರುಗಿತು. ತೊಡಕಾದದ್ದು ಪೂಜೆಯ ನೀರು. ಅದನ್ನು ಯಾರೂ ತುಳಿಯಬಾರದು, ಮೋರಿಗೆ ಚೆಲ್ಲುವಂತಿಲ್ಲ. ನಮ್ಮ ಅಂಗಳವೋ ಪೂರ್ತಿ ಫರಸಿ ಕಲ್ಲಿನದು. ಅತ್ತೆ ಎರಡು ದಿನ ತಂಬಿಗೆಯನ್ನು ದೇವರ ಜಗುಲಿಯ ಮೇಲೇ ಮುಚ್ಚಿಟ್ಟರು. ಮೂರನೆಯ ದಿನ ರಸ್ತೆ ದಾಟಿ, ಎದುರು ಮನೆಯ ಮಲ್ಲಿಗೆ ಬಳ್ಳಿಯ ಬುಡಕ್ಕೆ ಎರೆದು ಬಂದರು.

ಆ ಮನೆಯಾಕೆಯನ್ನು ನಾನು ಅಲ್ಲಿಯವರೆಗೆ ನೋಡಿ ನಕ್ಕಿದ್ದೆನೇ ಹೊರತು ಮಾತಾಡಿರಲಿಲ್ಲ. ಮರುದಿನ ಆಕೆ ತಮ್ಮ ಬಾಗಿಲಲ್ಲೇ ನಿಂತಿದ್ದರು. "ನಮ್ಮ ಬಳ್ಳಿಗೆ ನೀವ್ಯಾಕ ನೀರು ಹಾಕ್ತೀರಿ, ಅಮ್ಮಾರ?"

"ನಮ್ಮ ಗಿಡಕ್ಕ ಪಥ್ಯ ಐತ್ರಿ," ಎಂದರು ಅತ್ತೆ.

ಕಾರಣ ಕೇಳಿ ಆಕೆ ಬಿದ್ದು ಬಿದ್ದು ನಕ್ಕು, ಒಳಗೆ ಕರೆದು ಅವಲಕ್ಕಿ ಕೊಟ್ಟರಂತೆ. ಮುಂದೆ ಅತ್ತೆ ಬೆಳಿಗ್ಗೆ ಹೋದರೆ ಬರುವುದು ತಡವಾಗತೊಡಗಿತು. ಆ ಮನೆಯ ಬಾಗಿಲು ಪೂರ್ವಕ್ಕೆ. ಮಧ್ಯಾಹ್ನ ನಮ್ಮ ಹೊಸ್ತಿಲು ಸುಡುವಾಗ ಅವರ ಮೆಟ್ಟಿಲ ಮೇಲೆ ತಣ್ಣನೆಯ ನೆರಳು. ಇದು ನಮ್ಮ ಮೂವರಿಗೂ ಹೊಳೆದಿರಲಿಲ್ಲ.

ಶಿವರಾತ್ರಿಯ ಆಸುಪಾಸು ಬೇವು ಎಲೆಯನ್ನೆಲ್ಲ ಉದುರಿಸಿ ಬರಿ ಕೋಲಾಯಿತು. ಬುಡದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಉದುರುವ ಕಾಲವೋ, ಬೇರು ಕೊಳೆತದ್ದೋ ತಿಳಿಯದೆ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದೆ. ಒಳಗೆ ಹಸಿರಿತ್ತು. ನೀರು ಹಾಕಲು ಕೈ ತುರಿಸುತ್ತಿತ್ತು, ತಡೆದುಕೊಂಡೆ. ಯುಗಾದಿಗೆ ಮುಂಚೆ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಕಂಡಿತು.

ಬೇಸಿಗೆ ಬಂದಾಗ ಅದರ ನೆರಳು ಒಂದು ಕೊಡೆಯಷ್ಟೂ ಇರಲಿಲ್ಲ. ಅತ್ತೆ ಎದುರು ಮನೆಯ ಮೆಟ್ಟಿಲ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಪಲ್ಯ ಸೋಸುತ್ತಿದ್ದ ಆ ಮನೆಯಾಕೆ, "ನಿಮ್ಮ ಗಿಡ ದೊಡ್ಡದಾಗ್ಲಿ, ಆಮ್ಯಾಲೆ ನಾವೆಲ್ಲಾ ಅಲ್ಲೇ ಬರ್ತೇವ್ರಿ," ಎಂದರು.

ಆ ಸಂಜೆ ನಮ್ಮ ಮನೆಯವರು ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಅತ್ತೆ ಮಗನಿಗೆ ಹೇಳಿದರು: "ತಮ್ಮಾ, ರವಿವಾರ ಕಮರಿಪೇಟಿಗೆ ಹೋಗಿ ನನ್ನ ಮಂಚ ತೊಗೊಂಡು ಬಾ."